ಒಂದೇ ಮನೆಯ ಬಾವಲಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಹಿತಿ ತಂತ್ರಜ್ಞಾನದಲ್ಲಿ ಉದ್ಯೋಗಾವಕಾಶಗಳು’ ಎಂದು ಅಚ್ಚಾಗಿದೆ. ನಿನ್ನೆ ಸಂಜೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಿಷಯ ಬದಲಾಯಿಸಿಕೊಂಡಿದ್ದೇನೆ. ಕೆಲಸದ ಬಗ್ಗೆ ಕೇಳಬೇಕೆಂದಿರುವವರು ಊಟವಾದ ಮೇಲೆ ಆ ಹೊಂಗೆ ಮರದ ಕೆಳಗೆ ಸಿಗಿ, ಎಷ್ಟು ಹೊತ್ತು ಬೇಕಾದರೂ ಕೂರೋಣ. ಅದನ್ನು ಹೇಳುವವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಇದ್ದಾರೆ. ನಾನು ಇವತ್ತು ಹೇಳುವ ಸಂಗತಿಯನ್ನು ನೀವು ಕೇಳಿದರೆ ಆಗುವ ಉಪಯೋಗ, ಬೆಂಗಳೂರಿನ ಯಾವ ಸಭಾಂಗಣದಲ್ಲಿ ಹೇಳಿದರೂ ಆಗುವುದಿಲ್ಲ.

ನಮ್ಮ ಕೋಲಾರ ಜಿಲ್ಲೆಯ ವಿಶೇಷವೇನು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೇವೆ? ಚಿನ್ನ ಎನ್ನುತ್ತೇವೆ. ಕೆ.ಜಿ.ಎಫ್. ಗಣಿ 2001ರಲ್ಲೇ ಮುಚ್ಚಿತು. ಹಾಲು, ರೇಷ್ಮೆ, ಟೊಮೆಟೊ ಎನ್ನುತ್ತೇವೆ. ಇವೆಲ್ಲ ಬೇರೆ ಕಡೆಯೂ ಉಂಟು. ಇದುವರೆಗೆ ತಿಳಿದಿರುವಂತೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ, ನಮ್ಮ ಜಿಲ್ಲೆಯಲ್ಲಿ ಮಾತ್ರ ಇರುವ ಒಂದು ಜೀವ ಇದೆ. ಅದು ಒಂದು ಬಾವಲಿ. ನಮ್ಮಜ್ಜಿಯ ಮಾತಿನಲ್ಲಿ ಗಬ್ಬಿಲಾಯಿ.

ನಗಬೇಡಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನನಗೆ ಕೇಳಿಸಿತು.

ಅದರ ಹೆಸರು ಕೋಲಾರದ ಎಲೆಮೂಗಿನ ಬಾವಲಿ. ವೈಜ್ಞಾನಿಕ ಹೆಸರು ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್. ಹೈಪೊ ಎಂದರೆ ಕೆಳಗೆ, ಫಿಲ್ಲಾನ್ ಎಂದರೆ ಎಲೆ. ಎರಡೂ ಗ್ರೀಕ್ ಮಾತು. ಮೂಗಿನ ಮೇಲೆ ಎಲೆ ಅಂಟಿಸಿದಂತೆ ಚರ್ಮದ ಮಡಿಕೆ ಇರುತ್ತದೆ, ಆ ಎಲೆಯ ಕೆಳಗೆ ಇನ್ನೊಂದು ಪುಟ್ಟ ಎಲೆ. ಇಡೀ ಪ್ರಾಣಿ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಇದು ಹೊಸ ಪ್ರಭೇದ ಎಂದು 1994ರಲ್ಲಿ ಪ್ರಕಟಿಸಿದವರು ಜರ್ಮನಿಯ ಡೀಟರ್ ಕಾಕ್ ಮತ್ತು ನಮ್ಮ ದೇಶದ ಎಚ್.ಆರ್. ಭಟ್. ಭಟ್ಟರು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿದ್ದವರು. ಅಂದರೆ ನಾನು ಕನ್ನಡ ವರ್ಣಮಾಲೆ ಕಲಿಯುತ್ತಿದ್ದ ವಯಸ್ಸಿನಲ್ಲಿ ಈ ಬಾವಲಿಗೂ ಒಂದು ಹೆಸರು ಸಿಕ್ಕಿತು. ಅದಕ್ಕೆ ಮುಂಚೆ ಅದು ಎಷ್ಟು ಸಾವಿರ ವರ್ಷದಿಂದ ಇಲ್ಲಿತ್ತೋ.

ಆಗ ಅದು ಎರಡು ಕಡೆ ಇದ್ದ ದಾಖಲೆ ಇದೆ. ಒಂದು ಹನುಮನಹಳ್ಳಿ, ಇನ್ನೊಂದು ತೇರಹಳ್ಳಿ. ತೇರಹಳ್ಳಿ ಬೆಟ್ಟ ನಿಮಗೆಲ್ಲ ಗೊತ್ತು. ಅಂತರಗಂಗೆಗೆ ಹೋದವರು ಅನೇಕರು ಅಲ್ಲಿಗೂ ಹತ್ತಿರುತ್ತೀರಿ. ಇಪ್ಪತ್ತು ವರ್ಷ ಕಳೆದ ಮೇಲೆ, 2014ರ ಸುಮಾರಿನಲ್ಲಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ಸಂಗಡಿಗರು ಹುಡುಕಿಕೊಂಡು ಬಂದರು. ತೇರಹಳ್ಳಿಯಲ್ಲಿ ಅದು ಸಿಗಲಿಲ್ಲ. ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ ಸಿಕ್ಕಿತು. ಎಣಿಕೆ ಇನ್ನೂರನ್ನು ಮುಟ್ಟಲಿಲ್ಲ. ಇವತ್ತು ಈ ಶಾಮಿಯಾನದ ಕೆಳಗೆ ಕುಳಿತಿರುವ ನಾವೇ ಅದಕ್ಕಿಂತ ಹೆಚ್ಚು ಜನ ಇದ್ದೇವೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಘಟನೆ ಜೀವಿಗಳ ಸ್ಥಿತಿಗತಿಯ ಕೆಂಪು ಪಟ್ಟಿ ಇಡುತ್ತದೆ. ಅದರಲ್ಲಿ ಈ ಬಾವಲಿ ‘ತೀವ್ರವಾಗಿ ಅಳಿವಿನ ಅಂಚಿನಲ್ಲಿರುವ’ ವರ್ಗಕ್ಕೆ ಸೇರಿದೆ. ಅದರಿಂದ ಮುಂದಿನ ಮೆಟ್ಟಿಲು, ಕಾಡಿನಲ್ಲಿ ಇಲ್ಲವಾಗುವುದು.

ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಯಾವ ಮಾಹಿತಿಯ ಪ್ರತಿ ಒಂದೇ ಕಡೆ ಇದೆಯೋ ಅದನ್ನು ಇಲ್ಲವೆಂದೇ ಲೆಕ್ಕ ಹಾಕು. ಬ್ಯಾಂಕಿನ ಲೆಕ್ಕ ಮೂರು ಊರಿನ ಸರ್ವರ್‌ಗಳಲ್ಲಿ ಇರುತ್ತದೆ, ಒಂದಕ್ಕೆ ಬೆಂಕಿ ಬಿದ್ದರೂ ನಿಮ್ಮ ದುಡ್ಡು ಹೋಗುವುದಿಲ್ಲ. ಈ ಬಾವಲಿಗೆ ಇರುವುದು ಒಂದೇ ಪ್ರತಿ. ಅದೂ ಒಂದು ಬಂಡೆಯ ಸಂದಿನಲ್ಲಿ.

ಹಾಗಾದರೆ ಬೇರೆ ಗುಹೆಗೆ ಹೋಗಬಾರದೇ, ನಮ್ಮಲ್ಲಿ ಗುಡ್ಡಗಳಿಗೇನು ಬರವೇ ಎಂದು ನೀವು ಕೇಳಬಹುದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಇರುವುದೇ ಅಲ್ಲಿ.

ಬಾವಲಿಯ ರೆಕ್ಕೆ ಎಂದರೆ ಬೆರಳುಗಳ ನಡುವೆ ಎಳೆದು ಕಟ್ಟಿದ ತೆಳು ಚರ್ಮ. ಅದರ ಮೇಲೆ ಗರಿಯಿಲ್ಲ, ಹೊದಿಕೆಯಿಲ್ಲ. ಇಷ್ಟು ಪುಟ್ಟ ಮೈಗೆ ಅಷ್ಟು ಅಗಲದ ಚರ್ಮ ಇದ್ದರೆ ನೀರು ಬೇಗ ಆರಿಹೋಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ನೇತುಹಾಕಿದ ಒದ್ದೆ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ, ನಿಮಗೇ ಗೊತ್ತು. ಆದ್ದರಿಂದ ಹಗಲೆಲ್ಲ ಅದಕ್ಕೆ ಬೇಕಾಗಿರುವುದು ಕತ್ತಲು, ತೇವ ಮತ್ತು ಬೇಸಿಗೆ ಚಳಿಗಾಲ ಎರಡರಲ್ಲೂ ಹೆಚ್ಚು ಏರಿಳಿಯದ ಬೆಚ್ಚಗಿನ ಗಾಳಿ. ಆಂಧ್ರದ ಬೆಲಂ ಗುಹೆಗಳನ್ನು ನೀವು ಪ್ರವಾಸದಲ್ಲಿ ನೋಡಿರಬಹುದು. ಅದು ಸುಣ್ಣಕಲ್ಲು, ನೀರು ಕರಗಿಸಿ ಕರಗಿಸಿ ಮೈಲಿಗಟ್ಟಲೆ ಸುರಂಗ ಮಾಡಿದೆ. ನಮ್ಮ ಕಲ್ಲು ಹಾಗೆ ಕರಗುವಂಥದ್ದಲ್ಲ. ಇನ್ನೂರೈವತ್ತು ಕೋಟಿ ವರ್ಷ ದಾಟಿದ ಗಟ್ಟಿ ಕಲ್ಲು ಇದು. ನಾವು ಗವಿ ಎನ್ನುವುದು, ಬಂಡೆ ಬಿರುಕು ಬಿಟ್ಟ ಸಂದು ಅಥವಾ ಬಂಡೆಯ ಮೇಲೆ ಬಂಡೆ ಒರಗಿ ಉಳಿದ ಜಾಗ. ಇಂಥ ಸಂದುಗಳು ನೂರಾರು ಇದ್ದರೂ, ಗಾಳಿ ನೇರ ನುಗ್ಗದೆ, ಬೆಳಕು ಬೀಳದೆ, ತೇವ ಉಳಿಯುವಷ್ಟು ಆಳವಾದವು ಬೆರಳೆಣಿಕೆ. ಆ ಬೆರಳೆಣಿಕೆಯ ಜಾಗಗಳನ್ನು ಯಾವ ಎಂಜಿನಿಯರೂ ಕಟ್ಟಿಕೊಡಲಾರ. ಸಸಿ ನೆಟ್ಟರೆ ಹತ್ತು ವರ್ಷಕ್ಕೆ ಮರ ಬರುತ್ತದೆ. ಬಂಡೆ ಹೋದರೆ ಹೋಯಿತು.

ಸಂತಾನದ ಲೆಕ್ಕವನ್ನೂ ನೋಡಿ. ಇಲಿಯಂತೆ ಹತ್ತು ಹನ್ನೆರಡು ಮರಿ ಹಾಕುವ ಜಾತಿಯಲ್ಲ ಇದು. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಮರಿಯನ್ನು ತಾಯಿ ಹೊಟ್ಟೆಗೆ ಕಚ್ಚಿಸಿಕೊಂಡು ಸಾಕುತ್ತದೆ. ಯಾರೋ ಟಾರ್ಚು ಹಿಡಿದು ಒಳಗೆ ಹೋಗಿ ಕೂಗು ಹಾಕಿದರೆ, ಗುಡ್ಡಕ್ಕೆ ಬೆಂಕಿ ಇಟ್ಟು ಹೊಗೆ ಸಂದಿಗೆ ನುಗ್ಗಿದರೆ, ಗಾಬರಿಯಲ್ಲಿ ಮರಿ ಕೆಳಗೆ ಬಿದ್ದುಹೋಗಬಹುದು. ಆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು.

ಗುಹೆ ಮಲಗುವ ಕೋಣೆ ಮಾತ್ರ. ಊಟದ ಮನೆ ಹೊರಗಿದೆ. ಸಂಜೆಯಾದರೆ ಅವು ಸುತ್ತಲಿನ ಕುರುಚಲು ಗಿಡಗಳ ಮೇಲೆ, ಹೊಲದ ಬದುಗಳ ಮೇಲೆ ಹುಳ ಹಿಡಿಯಲು ಹೊರಡುತ್ತವೆ. ಹಿಡಿಯುವುದು ಕಣ್ಣಿನಿಂದಲ್ಲ, ಸದ್ದಿನಿಂದ. ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠವಿದೆಯಲ್ಲ, ಪ್ರತಿಧ್ವನಿ, ಅದೇ. ನಮ್ಮ ಕಿವಿಗೆ ಇಪ್ಪತ್ತು ಕಿಲೋಹರ್ಟ್ಝ್ ಮೇಲಿನದು ಕೇಳಿಸುವುದಿಲ್ಲ. ಈ ಬಾವಲಿ ನೂರಕ್ಕಿಂತ ಸ್ವಲ್ಪ ಮೇಲಿನ ಒಂದೇ ಶ್ರುತಿಯಲ್ಲಿ, ಬಾಯಿಯಿಂದಲ್ಲ, ಮೂಗಿನಿಂದ ಕೂಗುತ್ತದೆ. ಆ ಎಲೆ ಇರುವುದು ಅದಕ್ಕೇ. ಟಾರ್ಚಿನ ಹಿಂದಿನ ಬಟ್ಟಲು ಬೆಳಕನ್ನು ಒಟ್ಟು ಮಾಡುವಂತೆ ಅದು ಸದ್ದನ್ನು ಒಂದು ದಿಕ್ಕಿಗೆ ಹಾಯಿಸುತ್ತದೆ. ಹುಳ ರೆಕ್ಕೆ ಬಡಿದರೆ ಮರಳಿ ಬರುವ ಸದ್ದು ಸ್ವಲ್ಪ ನಡುಗುತ್ತದೆ. ಎಲೆಯೋ ಹುಳವೋ ಎಂದು ಅಷ್ಟರಿಂದಲೇ ತಿಳಿಯುತ್ತದೆ. ಬಸ್ಸು ಹಾರ್ನ್ ಹೊಡೆಯುತ್ತಾ ದಾಟಿಹೋದಾಗ ಅದರ ಸ್ವರ ಇಳಿದಂತೆ ಕೇಳಿಸುವುದಿಲ್ಲವೇ, ಅದೇ ತತ್ತ್ವ. ಎಂಜಿನಿಯರಿಂಗ್‌ನಲ್ಲಿ ಇದನ್ನು ನಾನು ಮೂರನೆಯ ಸೆಮಿಸ್ಟರಿನಲ್ಲಿ ಕಲಿತೆ. ಬಾವಲಿಗೆ ಫೀಸೂ ಇಲ್ಲ, ಬ್ಯಾಕ್‌ಲಾಗೂ ಇಲ್ಲ.

ಫೀಸು ಎಂದ ಕೂಡಲೇ ನಾನು ಒಂದು ಮಾತು ಹೇಳಲೇಬೇಕು. ನನ್ನ ಬಿ.ಇ. ಫೀಸು ಬಂದದ್ದು ಕಲ್ಲಿನಿಂದ. ನಮ್ಮಪ್ಪ ಇಪ್ಪತ್ತೆರಡು ವರ್ಷ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವರು. ಕುಳಿ ಹೊಡೆಯುವುದು, ಸೈಜುಗಲ್ಲು ತೆಗೆಯುವುದು, ಕಂಬ ಸೀಳುವುದು. ಇಲ್ಲಿ ಕುಳಿತಿರುವವರಲ್ಲಿ ಅರ್ಧ ಜನರ ಮನೆಯಲ್ಲಿ ಇದೇ ಕತೆ. ಈ ಶಾಲೆಯ ಹಳೆಯ ಕಟ್ಟಡದ ತಳಪಾಯವೂ ಇದೇ ಕಲ್ಲು. ಆದ್ದರಿಂದ ಬೆಂಗಳೂರಿನಿಂದ ಕಾರಿನಲ್ಲಿ ಬಂದು, ‘ಕ್ವಾರಿ ಪಾಪ, ಬಾವಲಿ ಪುಣ್ಯ’ ಎಂದು ಹೇಳಿ ಹೋಗುವ ಅಧಿಕಾರ ನನಗಿಲ್ಲ. ಬೆಂಗಳೂರಿನ ಆ ಆಫೀಸಿನ ನೆಲಕ್ಕೂ ಗ್ರಾನೈಟೇ ಹಾಕಿರುವುದು.

ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಹನುಮನಹಳ್ಳಿಯ ಆ ಬಾವಲಿಗೆ ಬಂದ ದೊಡ್ಡ ಕುತ್ತು ಗ್ರಾನೈಟ್ ಗಣಿಗಾರಿಕೆಯೇ. ಅನುಮತಿ ಇಲ್ಲದೆ ನಡೆಯುತ್ತಿದ್ದ ಕಲ್ಲು ಒಡೆತ ಗುಹೆಯ ಹತ್ತಿರಕ್ಕೇ ಬಂದಿತ್ತು. ಮದ್ದು ಸಿಡಿದರೆ ಬಂಡೆ ಅದುರುತ್ತದೆ, ಸಂದಿಯ ಆಕಾರ ಬದಲಾಗುತ್ತದೆ, ಮುಚ್ಚಿದ್ದ ಕಡೆ ಬೆಳಕು ಬೀಳುತ್ತದೆ, ತೆರೆದಿದ್ದ ಕಡೆ ಮುಚ್ಚಿಹೋಗುತ್ತದೆ. ಬಂಡೆಯನ್ನು ಪೂರ್ತಿ ಒಡೆಯಬೇಕಾಗಿಲ್ಲ, ಗಾಳಿ ಬದಲಾದರೆ ಸಾಕು. ಬಾವಲಿಗಳ ರಕ್ಷಣೆಗಾಗಿಯೇ ಇರುವ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟ್ ಮತ್ತು ನಮ್ಮ ಅರಣ್ಯ ಇಲಾಖೆ ಸೇರಿ ಕೆಲಸ ಮಾಡಿದ್ದರಿಂದ, ಗುಹೆಗಳ ಸುತ್ತಲಿನ ಸುಮಾರು 30 ಎಕರೆ ಜಾಗಕ್ಕೆ ಈಗ ರಕ್ಷಣೆ ಸಿಕ್ಕಿದೆ. ಮೂವತ್ತು ಎಕರೆ! ಹುಲಿಗೆ ಸಾವಿರಾರು ಚದರ ಕಿಲೋಮೀಟರ್ ಬಿಟ್ಟುಕೊಟ್ಟಿರುವ ರಾಜ್ಯ ನಮ್ಮದು. ಈ ಬಾವಲಿ ಕೇಳುತ್ತಿರುವುದು ಒಬ್ಬ ದೊಡ್ಡ ರೈತನ ಜಮೀನಿನಷ್ಟು.

ಕಾನೂನಿಗೂ ಬಾವಲಿ ಎಂದರೆ ಬಹಳ ಕಾಲ ಅಷ್ಟಕ್ಕಷ್ಟೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಇಲಿ, ಕಾಗೆಗಳ ಜೊತೆಗೆ ಹಣ್ಣು ತಿನ್ನುವ ಬಾವಲಿಗಳನ್ನೂ ‘ಪೀಡಕ ಪ್ರಾಣಿ’ ಎಂದು ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಯಿತು.

ರೋಗದ ಮಾತೂ ಬರುತ್ತದೆ. ನಿನ್ನೆಯೇ ಒಬ್ಬ ಹಿರಿಯರು, ‘ಏನಪ್ಪಾ, ನಿಫಾ ಬರೋದು ಅದರಿಂದಲೇ ಅಲ್ವಾ?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಬಂದಾಗ ಅದರ ಮೂಲ ಎಂದು ಕಂಡುಬಂದದ್ದು ಹಣ್ಣು ತಿನ್ನುವ ದೊಡ್ಡ ಬಾವಲಿ. ಆಲದ ಮರದಲ್ಲಿ, ಹುಣಸೆ ತೋಪಿನಲ್ಲಿ ಕೊಡೆ ನೇತುಹಾಕಿದಂತೆ ಕಾಣುತ್ತದಲ್ಲ, ಆ ಜಾತಿ. ಎಲೆಮೂಗಿನ ಬಾವಲಿ ಹಣ್ಣನ್ನು ಮೂಸಿಯೂ ನೋಡುವುದಿಲ್ಲ, ಅದರ ಊಟ ಹುಳ. ಆದರೂ ಯಾವ ಬಾವಲಿಯನ್ನೂ ಕೈಯಲ್ಲಿ ಮುಟ್ಟಬೇಡಿ, ಸತ್ತದ್ದನ್ನೂ ಮುಟ್ಟಬೇಡಿ, ಕಚ್ಚಿದ ಹಣ್ಣು ತಿನ್ನಬೇಡಿ. ದಮ್ಮಿಗೆ ಬಾವಲಿ ಮಾಂಸ ಮದ್ದು ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಅದರಿಂದ ದಮ್ಮು ಹೋಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾವು ಅವುಗಳ ಗವಿಗೆ ಹೋಗದಿದ್ದರೆ ಅವೂ ನಮ್ಮ ತಂಟೆಗೆ ಬರುವುದಿಲ್ಲ. ಇಬ್ಬರಿಗೂ ಒಳ್ಳೆಯದು ದೂರ ಇರುವುದು. ಇಷ್ಟು ಕೇಳಿದ ಮೇಲೆ ಹನುಮನಹಳ್ಳಿ ಗುಹೆ ನೋಡಬೇಕೆಂದು ಯಾರಿಗಾದರೂ ಅನ್ನಿಸಿದ್ದರೆ, ದಯವಿಟ್ಟು ಹೋಗಬೇಡಿ. ನಾನೂ ಒಳಗೆ ಹೋಗಿಲ್ಲ. ಹೋಗುವುದೂ ಇಲ್ಲ.

ಈಗ ನಾನು ಬಂದ ಕೆಲಸಕ್ಕೆ ಬರುತ್ತೇನೆ.

ಬೆಳಗಾವಿ ಜಿಲ್ಲೆಯಲ್ಲಿ, ಈಗ ಭೀಮಗಡ ಅಭಯಾರಣ್ಯ ಆಗಿರುವ ಕಾಡಿನಲ್ಲಿ, ಬಾರಾಪೇಡೆ ಎಂಬ ಗುಹೆಯಿದೆ. ಅಲ್ಲಿಯ ರಾಟನ್ನನ ಬಾವಲಿ ಎಂಬ ಪ್ರಭೇದವನ್ನು 1913ರಲ್ಲಿ ಗುರುತಿಸಿದರು. ಸುಮಾರು ಎಂಬತ್ತೈದು ವರ್ಷ, ಪ್ರಪಂಚದಲ್ಲಿ ಅದಕ್ಕೆ ಗೊತ್ತಿದ್ದ ಏಕೈಕ ಮನೆ ಅದೇ ಗುಹೆ ಎಂದು ಪುಸ್ತಕಗಳಲ್ಲಿ ಬರೆದಿತ್ತು. ಆಮೇಲೆ ಮೇಘಾಲಯದ ಗುಹೆಗಳಲ್ಲಿ ಸಿಕ್ಕಿತು, ಕಾಂಬೋಡಿಯಾದಲ್ಲೂ ಸಿಕ್ಕಿತು. ಹುಡುಕಿದ್ದರಿಂದ ಸಿಕ್ಕಿತು. ಹನುಮನಹಳ್ಳಿಯದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ದುರ್ಗಾದಾಸನ ಎಲೆಮೂಗಿನ ಬಾವಲಿ ಎಂಬುದು ಮಧ್ಯಪ್ರದೇಶದ ಜಬಲ್ಪುರದ ಕಡೆಯ ಜಾತಿ ಎಂದು ತಿಳಿದಿದ್ದರು. ಅದು ನಮ್ಮ ಕೋಲಾರದಲ್ಲೂ ಇದೆ ಎಂದು ತಿಳಿದದ್ದು ಅಲ್ಲಿ ಹುಡುಕಲು ಬಂದವರಿಂದಲೇ.

ಹಾಗಿದ್ದ ಮೇಲೆ ನಮ್ಮ ಎಲೆಮೂಗಿನ ಬಾವಲಿಗೆ ಎರಡನೆಯ ಮನೆ ಇಲ್ಲವೆಂದು ಈಗಲೇ ಏಕೆ ತೀರ್ಮಾನಿಸಬೇಕು? ಈ ಕಿಟಕಿಯಿಂದ ನೋಡಿದರೆ ಎಷ್ಟು ಗುಡ್ಡಗಳು ಕಾಣುತ್ತವೆ, ನೀವೇ ಎಣಿಸಿ. ಅವುಗಳಲ್ಲಿ ಕೆಲವು ಮುಂದಿನ ಐದು ವರ್ಷದಲ್ಲಿ ಜಲ್ಲಿಯಾಗಿ ಲಾರಿ ಹತ್ತುತ್ತವೆ, ಅದೂ ನಮಗೆ ಗೊತ್ತು. ಒಳಗೆ ಏನಿತ್ತೆಂದು ನೋಡದೆಯೇ ಹತ್ತುತ್ತವೆ. ನನಗೆ ನಿದ್ದೆ ಕೆಡಿಸುವ ಸಂಗತಿ ಇದು. ಇದ್ದ ಎರಡನೆಯ ಮನೆಯನ್ನು ನಾವು ಎಂದೋ ರಸ್ತೆಗೆ ಹಾಸಿಬಿಟ್ಟಿರಲೂಬಹುದು.

ಹುಡುಕುವವರು ಯಾರು? ವಿಜ್ಞಾನಿಗಳು ವರ್ಷಕ್ಕೊಮ್ಮೆ ಬರಬಲ್ಲರು. ನಾನು ತಿಂಗಳಿಗೊಮ್ಮೆ ಬರಬಲ್ಲೆ. ಹೋದ ಯುಗಾದಿಗೆ ಬಂದಾಗ ಇದೆಲ್ಲವನ್ನೂ ಅಪ್ಪನಿಗೆ ಹೇಳುತ್ತಿದ್ದೆ. ಪೂರ್ತಿ ಕೇಳಿದರು. ಬೀಡಿ ಆರಿಸಿ, ‘ಆಳ ಇರೋ ಸಂದು ಬೇಕು, ತೇವ ಇರಬೇಕು, ಗಾಳಿ ಆಡಬಾರದು, ಅಷ್ಟೇ ತಾನೇ?’ ಎಂದರು. ಆಮೇಲೆ ಕೂತಲ್ಲೇ ಬೆರಳು ಮಡಚುತ್ತಾ ಏಳು ಜಾಗ ಹೇಳಿದರು. ಯಾವ ಬಂಡೆಯ ಯಾವ ಮಗ್ಗುಲು, ಎಷ್ಟಾಳು ಆಳ, ಯಾವುದರಲ್ಲಿ ಗಬ್ಬಿಲಾಯಿ ವಾಸನೆ ಬರುತ್ತದೆ, ಯಾವುದರಲ್ಲಿ ಬೇಸಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆ ಎಲ್ಲವೂ. ‘ಸುತ್ತಿಗೇಲಿ ಒಂದ್ಸಲ ತಟ್ಟಿದ್ರೆ ಸದ್ದಲ್ಲೇ ಗೊತ್ತಾಗ್ತದೆ ಕಣೋ, ಒಳಗೆ ಪೊಳ್ಳು ಐತೋ ಗಟ್ಟಿ ಐತೋ ಅಂತ. ಗೊತ್ತಾಗದಿದ್ರೆ ನಾವು ಯಾರೂ ಉಳೀತಿರಲಿಲ್ಲ’ ಎಂದರು.

ನಾನು ಸುಮ್ಮನೆ ಕುಳಿತೆ. ನಮ್ಮ ಸೀಮೆಯ ಬಂಡೆಗಳ ಸಂದುಗಳ ಬಗ್ಗೆ ಇಷ್ಟು ತಿಳಿದವರು ಯಾವ ವಿಶ್ವವಿದ್ಯಾಲಯದಲ್ಲೂ ಇರಲಾರರು. ಕಲ್ಲು ಒಡೆದ ಕೈಗಳಿಗೇ ಕಲ್ಲಿನ ಒಳಗು ಗೊತ್ತು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅಂಥವರು ಕಡಿಮೆಯೆಂದರೂ ಮೂವತ್ತು ಜನ ಇದ್ದೀರಿ. ಕ್ವಾರಿ ನಿಂತರೆ ಮೊದಲು ಕೂಲಿ ಹೋಗುವುದು ನಿಮ್ಮದು. ಬಾವಲಿ ಉಳಿಸುವ ಲೆಕ್ಕದಲ್ಲಿ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಆದ್ದರಿಂದ ನಮ್ಮ ಬ್ಯಾಚಿನವರು ಸೇರಿ ಒಂದು ಸಣ್ಣ ನಿಧಿ ಇಟ್ಟಿದ್ದೇವೆ. ಜಾಗ ತೋರಿಸಲು ಒಂದು ದಿನ ಬರುವ ಹಿರಿಯರಿಗೆ ಒಂದು ದಿನದ ಕೂಲಿ ಕೊಡುತ್ತೇವೆ. ದಾನವಲ್ಲ, ತಿಳಿವಳಿಕೆಯ ಕೂಲಿ.

ಶಾಲೆಗೆ ಒಂದು ಸಾಧನ ಕೊಡುತ್ತಿದ್ದೇವೆ. ಹೆಸರು ಆಡಿಯೋಮಾತ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮೂರು ಸೆಲ್ಲು, ಒಂದು ಮೆಮೊರಿ ಕಾರ್ಡು, ಅಷ್ಟೇ. ನಿಮ್ಮ ಫೋನು ಸೆಕೆಂಡಿಗೆ ಸುಮಾರು 48 ಸಾವಿರ ಸಲ ಸದ್ದಿನ ಅಳತೆ ತೆಗೆದುಕೊಂಡರೆ, ಇದು 3 ಲಕ್ಷ 84 ಸಾವಿರ ಸಲ ತೆಗೆದುಕೊಳ್ಳಬಲ್ಲದು. ಹಾಗಾಗಿ ನಮ್ಮ ಕಿವಿಗೆ ಬೀಳದ ಕೂಗು ಇದಕ್ಕೆ ಬೀಳುತ್ತದೆ. ಆ ದಾಖಲೆಯನ್ನು ಹತ್ತು ಪಟ್ಟು ನಿಧಾನ ಮಾಡಿದರೆ ನಾವೂ ಕೇಳಬಹುದು. ಪ್ರತಿ ಜಾತಿಯ ಎಲೆಮೂಗಿನ ಬಾವಲಿಗೂ ಅದರದೇ ಶ್ರುತಿ ಇರುವುದರಿಂದ, ಹಿಡಿಯದೆ, ಮುಟ್ಟದೆ, ಒಳಗೆ ಕಾಲಿಡದೆ ಯಾವ ಜಾತಿ ಇರಬಹುದೆಂದು ಅಂದಾಜು ಮಾಡಬಹುದು. ಇಷ್ಟು ಎತ್ತರದ ಸದ್ದು ಗಾಳಿಯಲ್ಲಿ ಬೇಗ ಕರಗುತ್ತದೆ, ಹತ್ತಿಪ್ಪತ್ತು ಮೀಟರು ದಾಟುವುದು ಕಷ್ಟ. ಆದ್ದರಿಂದ ಸಂದಿಯ ಬಾಯಿಯ ಹೊರಗೇ ಸಂಜೆ ಇಟ್ಟು ಬೆಳಿಗ್ಗೆ ತೆಗೆಯಬೇಕು. ಇಡುವುದು ದೊಡ್ಡವರ ಕೆಲಸ. ಮಕ್ಕಳ ಕೆಲಸ ಕಂಪ್ಯೂಟರ್ ಕೋಣೆಯಲ್ಲಿ: ದಾಖಲೆ ನೋಡುವುದು, ದಿನಾಂಕ, ಜಾಗ, ಶ್ರುತಿ ಬರೆದಿಡುವುದು. ನೂರರ ಸ್ವಲ್ಪ ಮೇಲೆ ನೆಟ್ಟನೆಯ ಗೆರೆ ಕಂಡ ದಿನ ವಿಜ್ಞಾನದ ಮಿಸ್‌ಗೆ ಹೇಳಿ. ಅವರು ನನಗೆ ಹೇಳುತ್ತಾರೆ. ನಾನು ಬಲ್ಲವರಿಗೆ ತಲುಪಿಸುತ್ತೇನೆ. ಎಲ್ಲಿ ಸಿಕ್ಕಿತೆಂದು ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ.

ಪಂಚಾಯಿತಿ ಸದಸ್ಯರಲ್ಲಿ ಒಂದು ವಿನಂತಿ. ಹೊಸ ಕ್ವಾರಿಯ ಮಾತು ಗ್ರಾಮಸಭೆಗೆ ಬಂದಾಗ, ಸರ್ವೆ ನಂಬರು, ದಾರಿ, ಧೂಳಿನ ಜೊತೆಗೆ ‘ಆ ಬಂಡೆಯಲ್ಲಿ ಗವಿ ಇದೆಯೇ, ಯಾರಾದರೂ ನೋಡಿದ್ದಾರೆಯೇ’ ಎಂಬ ಪ್ರಶ್ನೆಯನ್ನೂ ನಡಾವಳಿಯಲ್ಲಿ ಬರೆಸಿ. ಇಲ್ಲವೆಂದಾದರೆ ಮುಂದಿನ ಮಾತು ಮುಂದೆ. ಇದೆ ಎಂದಾದರೆ ಎರಡು ರಾತ್ರಿ ಈ ಪೆಟ್ಟಿಗೆ ಅಲ್ಲಿ ಇರಲಿ.

ಇವತ್ತು ಸಂಜೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮುಂಚೆ, ಆರೂಕಾಲಿಗೆ, ಶಾಲೆಯ ಹಿಂದಿನ ಹಳೆಯ ಬಾವಿಯ ಹತ್ತಿರ ಇದನ್ನು ಇಟ್ಟು ತೋರಿಸುತ್ತೇನೆ. ಅಲ್ಲಿ ಬರುವುದು ಸಾಮಾನ್ಯ ಜಾತಿಯ ಬಾವಲಿಗಳೇ, ಆದರೂ ಕೇಳಲು ಚೆನ್ನಾಗಿರುತ್ತದೆ. ನಮ್ಮಪ್ಪನೂ ಬರುತ್ತಾರೆ; ಏಳು ಜಾಗದ ಪಟ್ಟಿಗೆ ಎಂಟನೆಯದು ಯಾರ ಹತ್ತಿರ ಇದೆಯೋ ಅವರು ಬಂದು ಬರೆಸಿ. ಮೈಕ್‌ನವರು ದಯವಿಟ್ಟು ಆ ಹತ್ತು ನಿಮಿಷ ಹಾಡು ನಿಲ್ಲಿಸಬೇಕು. ಟಾರ್ಚು ತರಬೇಡಿ.